ಗಲಿವರನ ಬಂಧು ಬರೆದ ಕಾಗದ



ಇಸವಿ 1726, ಆಗಸ್ಟ್ ತಿಂಗಳ 8ನೆಯ ತಾರೀಕು. ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ, ವಕೀಲರ ವಠಾರವಾದ ಮಿಡಲ್ ಟೆಂಪಲ್ಲಿನ ಹೆಬ್ಬಾಗಿಲ ಬಳಿ ಅಂಗಡಿ ಇಟ್ಟುಕೊಂಡಿದ್ದ ಬೆಂಜಮಿನ್ ಮಾಟ್ ಎಂಬ ಪುಸ್ತಕ ವ್ಯಾಪಾರಿಗೆ ಒಂದು ಕಾಗದ ಬಂತು. ಕೆಳಗೆ ರಿಚರ್ಡ್ ಸಿಂಪ್ಸನ್ ಎಂದು ಸಹಿ. ಒಕ್ಕಣೆಯನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ನನ್ನ ಬಂಧು ಲೆಮ್ಯುಯೆಲ್ ಗಲಿವರ್ ಎಂಬಾತ ಕೆಲವು ವರ್ಷಗಳ ಹಿಂದೆ ತನ್ನ ಪ್ರವಾಸಕಥನವನ್ನು ನನ್ನ ವಶಕ್ಕೆ ಕೊಟ್ಟಿದ್ದಾನೆ. ಅದರ ಸುಮಾರು ಕಾಲುಭಾಗವನ್ನು ಈಗ ಕಳಿಸಿದ್ದೇನೆ. ತಿಳಿದವರಿಗೆ ತೋರಿಸಿದ್ದೇನೆ, ಚೆನ್ನಾಗಿ ಮಾರಾಟವಾಗುತ್ತದೆ ಅಂದಿದ್ದಾರೆ. ಒಂದೆರಡು ಕಡೆ ಸ್ವಲ್ಪ ವಿಡಂಬನೆ ಇದೆ ಅನ್ನಿಸೀತು, ಆದರೆ ಯಾರಿಗೂ ನೋವಾಗಲಾರದು. ಲೇಖಕ ಬರುವ ಲಾಭವನ್ನು ಬಡ ನಾವಿಕರಿಗೆ ಕೊಡಬೇಕೆಂದಿದ್ದಾನೆ, ಆದ್ದರಿಂದ 200 ಪೌಂಡಿಗೆ ಒಂದು ಕಾಸು ಕಡಿಮೆಯಾದರೂ ಒಪ್ಪುವುದಿಲ್ಲ. ಮೂರು ದಿನ ಓದಿ ನೋಡಿ. ಒಪ್ಪಿಗೆಯಾದರೆ ಆ ಮೊತ್ತದ ಬ್ಯಾಂಕ್ ಹುಂಡಿಯನ್ನು ಪೊಟ್ಟಣ ಕಟ್ಟಿಡಿ. ಈ ಕಾಗದ ತಂದ ಮನುಷ್ಯನೇ ಗುರುವಾರ, 11ನೆಯ ತಾರೀಕು, ರಾತ್ರಿ ಸರಿಯಾಗಿ ಒಂಬತ್ತು ಗಂಟೆಗೆ ಬರುತ್ತಾನೆ, ಅವನ ಕೈಗೆ ಕೊಡಿ. ಒಪ್ಪಿಗೆಯಿಲ್ಲದಿದ್ದರೆ ಹಸ್ತಪ್ರತಿ ವಾಪಸು ಕೊಡಿ, ಚೌಕಾಸಿ ಬೇಡ. ನಿಮ್ಮ ಮುಖವನ್ನೇ ನೋಡದ ನಾನು ನಿಮ್ಮನ್ನು ಇಷ್ಟು ನಂಬಿರುವಾಗ ನೀವೂ ನನ್ನನ್ನು ಅಷ್ಟೇ ನಂಬಿದರೆ ತಪ್ಪೇನಲ್ಲ.

ಇದನ್ನು ಓದಿದರೆ ಪುಸ್ತಕದ ವ್ಯವಹಾರ ಅನ್ನಿಸುವುದಿಲ್ಲ, ಯಾರನ್ನೋ ಅಪಹರಿಸಿ ಹಣ ಕೇಳಿದ ಹಾಗಿದೆ. ರಿಚರ್ಡ್ ಸಿಂಪ್ಸನ್ ಎಂಬ ಮನುಷ್ಯ ಇರಲಿಲ್ಲ. ಲೆಮ್ಯುಯೆಲ್ ಗಲಿವರ್ ಎಂಬವನೂ ಇರಲಿಲ್ಲ. ಕಾಗದದ ಅಕ್ಷರಗಳು ನಾಟಕಕಾರ ಜಾನ್ ಗೇಯವು. ಮಾತುಗಳು ಮಾತ್ರ ಡಬ್ಲಿನ್ ನಗರದ ಸೇಂಟ್ ಪ್ಯಾಟ್ರಿಕ್ ಕಥೀಡ್ರಲ್ಲಿನ ಡೀನ್, ಡಾಕ್ಟರ್ ಜೊನಾಥನ್ ಸ್ವಿಫ್ಟನವು.

ಸ್ವಿಫ್ಟನ ಆ ಪುಸ್ತಕ ನಮ್ಮ ಕಡೆ ಮಕ್ಕಳ ಕಥೆಯಾಗಿ ಬಂತು. ಗೇಣುದ್ದದ ಮನುಷ್ಯರು ದಾರದಲ್ಲಿ ಕಟ್ಟಿಹಾಕಿದ ದೈತ್ಯನ ಚಿತ್ರ ನೋಡದವರು ಕಡಿಮೆ. ಆದರೆ ಈ ಹೊತ್ತು ನಾನು ಮಾತಾಡಬೇಕೆಂದಿರುವುದು ಆ ಕಥೆಯ ಬಗ್ಗೆ ಅಲ್ಲ, ಅದರ ಸುತ್ತ ಬೆಳೆದ ಕಾಗದಗಳ ಬಗ್ಗೆ. ಸ್ವಿಫ್ಟ್ ಬರೆದ, ಅವನಿಗೆ ಬಂದ ಪತ್ರಗಳು ನೂರಾರು ಉಳಿದಿವೆ. ಇಪ್ಪತ್ತನೆಯ ಶತಮಾನದಲ್ಲಿ ಎಲ್ರಿಂಗ್ಟನ್ ಬಾಲ್ ಅವನ್ನು ಆರು ಸಂಪುಟ ಮಾಡಿದ. ಹೆರಾಲ್ಡ್ ವಿಲಿಯಮ್ಸ್ 1963ರಿಂದ 65ರ ನಡುವೆ ಮತ್ತೆ ಐದು ಸಂಪುಟ ತಂದ. ಆಮೇಲೆ ಡೇವಿಡ್ ವೂಲಿ ಮೊದಲಿನಿಂದ ಎಲ್ಲವನ್ನೂ ತಿರುಗಿ ನೋಡಿದ. ಅವುಗಳಲ್ಲಿ ಪ್ರಕಾಶಕರಿಗೆ ಬರೆದ ಮತ್ತು ಪ್ರಕಾಶಕರ ಬಗ್ಗೆ ಬರೆದ ಕಾಗದಗಳನ್ನಷ್ಟೇ ಆರಿಸಿಕೊಂಡು ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಪುಸ್ತಕದ ಮೇಲೆ ತನ್ನ ಹೆಸರು ಹಾಕಲು ಈತ ಬಹುಪಾಲು ಒಪ್ಪುತ್ತಿರಲಿಲ್ಲ. ಪುಸ್ತಕದೊಳಗಿನ ಒಂದು ಮಾತನ್ನು ಇನ್ನೊಬ್ಬ ಮುಟ್ಟಿದರೆ ಮಾತ್ರ ಜೀವಮಾನವಿಡೀ ಮರೆಯಲಿಲ್ಲ.

ಹೆಸರು ಮರೆಸುವುದಕ್ಕೆ ಕಾರಣ ಇತ್ತು. 1704ರಲ್ಲಿ ಬಂದ ಅವನ ಮೊದಲ ದೊಡ್ಡ ವಿಡಂಬನೆ 'ಎ ಟೇಲ್ ಆಫ್ ಎ ಟಬ್' ಕ್ರೈಸ್ತ ಪಂಗಡಗಳನ್ನು ಗೇಲಿ ಮಾಡಿತ್ತು. ಬರೆದವನು ಸ್ವತಃ ಪಾದ್ರಿ. ಹೆಸರು ಹೊರಬಿದ್ದರೆ ಮೇಲಿನ ಹುದ್ದೆಯ ಆಸೆ ಬಿಡಬೇಕು. ಬರೆದವನು ಇವನೇ ಎಂಬ ಗುಮಾನಿ ಹಬ್ಬಿ, ಬಿಷಪ್ ಆಗುವ ದಾರಿ ಅದರಿಂದಲೇ ಮುಚ್ಚಿಹೋಯಿತು ಅನ್ನುತ್ತಾರೆ. 1710ರಲ್ಲಿ ಎಡ್ಮಂಡ್ ಕರ್ಲ್ ಎಂಬ ಲಂಡನ್ನಿನ ಪುಸ್ತಕ ವ್ಯಾಪಾರಿ ಆ ಕೃತಿಗೆ ಒಂದು ಕೈಪಿಡಿ ಅಚ್ಚು ಮಾಡಿ, ಅದರ ಒಂದಷ್ಟು ಭಾಗ ಸ್ವಿಫ್ಟನ ದಾಯಾದಿ ಥಾಮಸ್ ಸ್ವಿಫ್ಟನದು ಎಂದು ಸಾರಿದ. ಆಗ ಸ್ವಿಫ್ಟ್ ತನ್ನ ಪ್ರಕಾಶಕ ಬೆಂಜಮಿನ್ ಟುಕ್‌ಗೆ ಬರೆದ ಕಾಗದದಲ್ಲಿ ಕೋಪ ಕುದಿಯುತ್ತದೆ. ಇದೆಲ್ಲ ಆ ಪುಟ್ಟ ಪಾದ್ರಿ ದಾಯಾದಿಯದೇ ಕಿತಾಪತಿ ಇರಬೇಕೆಂದು ಅವನ ಅನುಮಾನ. ಆದರೂ ಅದು ನನ್ನ ಪುಸ್ತಕ ಎಂದು ಬಹಿರಂಗವಾಗಿ ಹೇಳುವ ಹಾಗಿಲ್ಲ. ಹೆತ್ತವನು ತಾನೆಂದು ಒಪ್ಪಿಕೊಳ್ಳದೆ ಮಗುವಿನ ಮೇಲೆ ಹಕ್ಕು ಸಾಧಿಸಬೇಕಾದ ಫಜೀತಿ.

ಕರ್ಲ್ ಅಲ್ಲಿಗೇ ಬಿಡಲಿಲ್ಲ. ಮರುವರ್ಷ ಸ್ವಿಫ್ಟನ ಚಿಲ್ಲರೆ ಬರಹಗಳನ್ನೆಲ್ಲ ಗುಡಿಸಿ ಒಟ್ಟುಮಾಡಿ, ಮುಖಪುಟದಲ್ಲಿ ಲೇಖಕನ ಪೂರ್ತಿ ಹೆಸರು ಹಾಕಿ ಮಾರಿದ. ಈ ಸುದ್ದಿ ಸ್ವಿಫ್ಟ್ ಡಬ್ಲಿನ್ನಿನಲ್ಲಿದ್ದ ಇಬ್ಬರು ಗೆಳತಿಯರಿಗೆ ಬರೆದ ಕಾಗದದಲ್ಲಿ ಸಿಟ್ಟಿನ ಎರಡು ಸಾಲಾಗಿ ಸಿಕ್ಕುತ್ತದೆ. 1710ರ ಸೆಪ್ಟೆಂಬರಿನಿಂದ 1713ರವರೆಗೆ ಲಂಡನ್ನಿನಿಂದ ಎಸ್ತರ್ ಜಾನ್ಸನ್ ಮತ್ತು ಅವಳ ಜೊತೆಗಾತಿ ರೆಬೆಕಾ ಡಿಂಗ್ಲಿಗೆ ಅವನು ಬರೆದ 65 ಕಾಗದಗಳು ಆಮೇಲೆ 'ಜರ್ನಲ್ ಟು ಸ್ಟೆಲ್ಲಾ' ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. ಐರಿಷ್ ಸಮುದ್ರ ದಾಟುವ ಟಪಾಲು ಹಡಗನ್ನು ನಂಬುವ ಹಾಗಿರಲಿಲ್ಲ, ಆದ್ದರಿಂದ ಪ್ರತಿ ಕಾಗದಕ್ಕೂ ಕ್ರಮಸಂಖ್ಯೆ ಹಾಕುತ್ತಿದ್ದ. ಮಂತ್ರಿಗಳ ಮನೆಯ ಊಟ, ಗಾಡಿ ಬಾಡಿಗೆಯ ದುಬಾರಿ, ತಲೆಸುತ್ತು, ಮಳೆ, ಮಗುವಿನ ತೊದಲಿನಲ್ಲಿ ಬರೆದ ಮುದ್ದಿನ ಮಾತು, ಎಲ್ಲ ಒಂದೇ ಹಾಳೆಯಲ್ಲಿ. ಆ ತೊದಲು ಮಾತಿನ ಎಷ್ಟೋ ಕಡೆ ಸುರುಳಿ ಸುರುಳಿಯಾಗಿ ಮಸಿ ಎಳೆದು ಹೊಡೆದುಹಾಕಿದ್ದಾರೆ. ಇವುಗಳಲ್ಲಿ 25 ಕಾಗದಗಳ ಮೂಲ ಪ್ರತಿ ಬ್ರಿಟಿಷ್ ಲೈಬ್ರರಿಯಲ್ಲಿದೆ. ಮಿಕ್ಕವುಗಳಲ್ಲಿ ಹೆಚ್ಚಿನವು ನಮಗೆ ಸಿಕ್ಕಿರುವುದು 1768ರಲ್ಲಿ ಅವನ ನೆಂಟ ಡೀನ್ ಸ್ವಿಫ್ಟ್ ಅಚ್ಚು ಮಾಡಿಸಿದ ಪಾಠದಲ್ಲಿ ಮಾತ್ರ. ಈ ನೆಂಟನಿಗೆ ಡೀನ್ ಎಂಬುದು ಹುದ್ದೆಯಲ್ಲ, ಹೆಸರೇ ಹಾಗೆ. ಮುದ್ದುಮಾತು ಗೌರವಕ್ಕೆ ಕುಂದು ಎನ್ನಿಸಿದಲ್ಲೆಲ್ಲ ಆತ ಕೈಯಾಡಿಸಿದ. ಸ್ವಿಫ್ಟ್ ಬದುಕಿದ್ದರೆ ಇದಕ್ಕೂ ಒಂದು ಕಾಗದ ಬರೆಯುತ್ತಿದ್ದ.

ಹೆಸರು ಮರೆಸುವುದಕ್ಕೆ ಹುದ್ದೆಯ ಆಸೆಗಿಂತ ದೊಡ್ಡ ಕಾರಣ 1724ರಲ್ಲಿ ಬಂತು. ವಿಲಿಯಂ ವುಡ್ ಎಂಬ ಇಂಗ್ಲಿಷ್ ವ್ಯಾಪಾರಿಗೆ ಐರ್ಲೆಂಡಿಗಾಗಿ ತಾಮ್ರದ ಕಾಸು ಟಂಕಿಸುವ ಪರವಾನಗಿ ಸಿಕ್ಕಿತ್ತು. ಅದಕ್ಕೆ ಐರ್ಲೆಂಡಿನ ಸಂಸತ್ತಿನ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ಸ್ವಿಫ್ಟ್ ಒಬ್ಬ ಜವಳಿ ವ್ಯಾಪಾರಿಯ ವೇಷ ಹಾಕಿ, ಎಂ. ಬಿ. ಡ್ರೇಪಿಯರ್ ಎಂಬ ಸಹಿಯಲ್ಲಿ ಊರವರಿಗೆ ಬಹಿರಂಗ ಪತ್ರಗಳನ್ನು ಬರೆದ. ಈ ಕಾಸು ಮುಟ್ಟಬೇಡಿ ಎಂಬುದು ಅವುಗಳ ಸಾರ. ಅಚ್ಚು ಮಾಡಿದವನು ಡಬ್ಲಿನ್ನಿನ ಜಾನ್ ಹಾರ್ಡಿಂಗ್. ನಾಲ್ಕನೆಯ ಪತ್ರ ಕಾಸಿನ ಮಾತು ದಾಟಿ ದೇಶದ ಸ್ವಾತಂತ್ರ್ಯದ ಮಾತಿಗೆ ಬಂದಾಗ ಸರ್ಕಾರ ಬರೆದವನನ್ನು ಹಿಡಿದುಕೊಟ್ಟವರಿಗೆ 300 ಪೌಂಡ್ ಬಹುಮಾನ ಸಾರಿತು. ಬರೆದವರು ಯಾರೆಂದು ಊರಿಗೆಲ್ಲ ಗೊತ್ತು, ಹೇಳುವವರು ಒಬ್ಬರೂ ಇಲ್ಲ. ಹಾರ್ಡಿಂಗ್‌ನನ್ನು ಜೈಲಿಗೆ ಹಾಕಿದರು. ಆಪಾದನೆಯನ್ನು ಎತ್ತಿಹಿಡಿಯಲು ಪಂಚರು ಒಪ್ಪಲಿಲ್ಲ. 1725ರಲ್ಲಿ ಪರವಾನಗಿ ರದ್ದಾಯಿತು, ಸ್ವಿಫ್ಟ್ ಜನರ ಕಣ್ಮಣಿಯಾದ. ಅದೇ ವರ್ಷ ಹಾರ್ಡಿಂಗ್ ತೀರಿಕೊಂಡ. ಈ ಗೆಲುವಿನ ಕಥೆ ಹೇಳುವಾಗ ಸಾಮಾನ್ಯವಾಗಿ ಆ ಅಚ್ಚಿನವನ ಪಾಡನ್ನು ಒಂದು ವಾಕ್ಯದಲ್ಲಿ ಮುಗಿಸಿಬಿಡುತ್ತಾರೆ. ನನಗೇನೋ ಅದು ಸರಿಯಲ್ಲ ಅನ್ನಿಸುತ್ತದೆ. ವಿಡಂಬನಕಾರ ವೇಷ ಹಾಕಿಕೊಂಡು ಬಚಾವಾದ. ಮುದ್ರಕನಿಗೆ ವೇಷ ಹಾಕುವ ಅನುಕೂಲವಿರಲಿಲ್ಲ, ಅವನ ಹೆಸರು, ವಿಳಾಸ ಎರಡೂ ಪುಸ್ತಕದ ಕೆಳಗೆ ಅಚ್ಚಾಗಿದ್ದವು. ಅವನ ಹೆಂಡತಿ ಸಾರಾ ಹಾರ್ಡಿಂಗ್ ಅಚ್ಚಿನ ಮನೆಯನ್ನು ಮುಂದುವರಿಸಿದಳು. 1729ರಲ್ಲಿ ಸ್ವಿಫ್ಟನ ಅತಿ ಕಟುವಾದ ಬರಹ 'ಎ ಮಾಡೆಸ್ಟ್ ಪ್ರಪೋಸಲ್' ಅಚ್ಚಾಗಿ ಹೊರಬಂದದ್ದು ಅವಳಿಂದಲೇ.

ಇನ್ನು ಗಲಿವರನಿಗೆ ಬರೋಣ. ಅವನು ಯಾವಾಗ ಹುಟ್ಟಿದ, ಹೇಗೆ ಬೆಳೆದ ಎಂಬುದು ಬಹಳ ಕಾಲ ಊಹೆಯ ಮಾತಾಗಿತ್ತು. ಚಾರ್ಲ್ಸ್ ಫೋರ್ಡ್ ಎಂಬ ಐರಿಷ್ ಗೆಳೆಯನಿಗೆ ಸ್ವಿಫ್ಟ್ ಬರೆದ ಕಾಗದಗಳು 1935ರಲ್ಲಿ ಅಚ್ಚಾದ ಮೇಲೆ ದಿನಾಂಕ ಸಮೇತ ಲೆಕ್ಕ ಸಿಕ್ಕಿತು. 1721ರ ಏಪ್ರಿಲಿನಲ್ಲಿ, ಒಂದು ಪ್ರವಾಸಕಥನ ಬರೆಯುತ್ತಿದ್ದೇನೆ ಎನ್ನುತ್ತಾನೆ. 1724ರ ಜನವರಿಯಲ್ಲಿ, ಕುದುರೆಗಳ ದೇಶದಿಂದ ಹೊರಟು ಹಾರುವ ದ್ವೀಪಕ್ಕೆ ಬಂದಿದ್ದೇನೆ ಎನ್ನುತ್ತಾನೆ. ಪುಸ್ತಕದಲ್ಲಿ ಹಾರುವ ದ್ವೀಪ ಮೂರನೆಯ ಭಾಗ, ಕುದುರೆಗಳ ದೇಶ ನಾಲ್ಕನೆಯದು. ಎಂದರೆ ನಾಲ್ಕನೆಯದನ್ನು ಮೊದಲು ಬರೆದು ಆಮೇಲೆ ಮೂರನೆಯದಕ್ಕೆ ಕೈಹಾಕಿದ್ದ. ಮನುಷ್ಯಕುಲದ ಮೇಲಿನ ಬೇಸರ ಬರೆಯುತ್ತ ಬರೆಯುತ್ತ ಹೆಚ್ಚುತ್ತಾ ಹೋಗಿ ಕೊನೆಯ ಭಾಗದಲ್ಲಿ ಹುಚ್ಚಿನ ಅಂಚಿಗೆ ಮುಟ್ಟಿತು ಎಂದು ಹಿಂದಿನ ವಿಮರ್ಶಕರು ಕಟ್ಟಿದ್ದ ಕಥೆಗೆ ಕಾಗದದ ಈ ಒಂದು ಸಾಲು ಏಟು ಕೊಟ್ಟಿತು. 1725ರ ಆಗಸ್ಟಿನಲ್ಲಿ ಪುಸ್ತಕ ಮುಗಿದಿದೆ, ನಕಲು ತೆಗೆಯುತ್ತಿದ್ದೇನೆ ಎಂಬ ಸುದ್ದಿ. ಮುಂದಿನ ತಿಂಗಳು ಕವಿ ಅಲೆಗ್ಸಾಂಡರ್ ಪೋಪನಿಗೆ ಬರೆದ ಕಾಗದದಲ್ಲಿ, ತನ್ನ ಕಿವಿ ಕಳೆದುಕೊಳ್ಳಲು ತಯಾರಿರುವ ಮುದ್ರಕ ಸಿಕ್ಕಿದಾಗ ಇದು ಅಚ್ಚಾಗುತ್ತದೆ ಎಂದು ಹಾಸ್ಯ ಮಾಡುತ್ತಾನೆ. ಹಾರ್ಡಿಂಗ್ ಸತ್ತು ಆಗ ವರ್ಷವೂ ಆಗಿರಲಿಲ್ಲ.

1726ರ ವಸಂತದಲ್ಲಿ ಸ್ವಿಫ್ಟ್ ಹಸ್ತಪ್ರತಿ ಹಿಡಿದು ಲಂಡನ್ನಿಗೆ ಬಂದ. ಪೋಪ್, ಗೇ, ರಾಣಿಯ ವೈದ್ಯನಾಗಿದ್ದ ಆರ್ಬತ್ನಾಟ್ ಎಲ್ಲರೂ ಹಳೆಯ ಸ್ನೇಹಿತರು, ಎಲ್ಲರೂ ಈ ಸಂಚಿನಲ್ಲಿ ಪಾಲುದಾರರು. ಟುಕ್ ತೀರಿಹೋಗಿದ್ದ, ಅವನ ವ್ಯಾಪಾರ ಮಾಟ್‌ನ ಕೈಗೆ ಬಂದಿತ್ತು. ಹಾಗಾಗಿ ಕಾಗದ ಮಾಟ್‌ಗೆ ಹೋಯಿತು. ಮಾಟ್ ವ್ಯಾಪಾರಿ, ಪುಸ್ತಕ ಬೇಕು, ಆದರೆ ಕೈಯಲ್ಲಿ ರೊಕ್ಕವಿಲ್ಲ. ಕೋರ್ಟಿಗೆ ರಜೆ, ವರ್ಷದಲ್ಲೇ ಅತಿ ಮಂದ ವ್ಯಾಪಾರದ ಕಾಲ, 200 ಪೌಂಡು ಒಮ್ಮೆಗೇ ಕೊಡಲಾರೆ, ಪುಸ್ತಕ ಓಡಿದರೆ ಆರು ತಿಂಗಳಲ್ಲಿ ಕೊಡುತ್ತೇನೆ ಎಂದು ಉತ್ತರ ಬರೆದ. ಯಾವ ಕಾಲದ, ಯಾವ ಊರಿನ ಪ್ರಕಾಶಕ ಇದಕ್ಕಿಂತ ಬೇರೆ ಉತ್ತರ ಕೊಟ್ಟಾನು! ಚೌಕಾಸಿ ಬೇಡ ಅಂದಿದ್ದ ಸಿಂಪ್ಸನ್ 13ನೆಯ ತಾರೀಕು ಒಪ್ಪಿಬಿಟ್ಟ. ಒಂದೇ ಷರತ್ತು: ಎರಡು ಸಂಪುಟಗಳೂ ಒಟ್ಟಿಗೆ ಬರಬೇಕು, ಕ್ರಿಸ್‌ಮಸ್ ಮೀರಬಾರದು. ಎರಡು ದಿನದಲ್ಲಿ ಸ್ವಿಫ್ಟ್ ಲಂಡನ್ ಬಿಟ್ಟು ಐರ್ಲೆಂಡಿನ ದಾರಿ ಹಿಡಿದ. ಗದ್ದಲವಾದರೆ ತಾನು ಊರಲ್ಲಿರಬಾರದು. ಹಸ್ತಪ್ರತಿ ಕತ್ತಲಲ್ಲಿ ಬಾಡಿಗೆ ಗಾಡಿಯಿಂದ ತನ್ನ ಮನೆಯ ಹತ್ತಿರ ಬಿತ್ತು, ಎಲ್ಲಿಂದ ಬಂತೋ, ಯಾರು ಕಳಿಸಿದರೋ ಗೊತ್ತಿಲ್ಲ ಎಂದು ಮಾಟ್ ಆಮೇಲೆ ಪೋಪನ ಮುಂದೆ ಹೇಳಿದ. ಪೋಪ್ ಅದನ್ನು ಕೇಳಿ ಏನೂ ಅರಿಯದವನ ಹಾಗೆ ಸ್ವಿಫ್ಟನಿಗೆ ವರದಿ ಮಾಡಿದ. ಆ ಕಾಗದವೂ ಉಳಿದಿದೆ.

ಮಾಟ್ ಜಾಣ. ಕಳ್ಳಪ್ರತಿಯವರು ಮೂಗು ತೂರಿಸುವ ಮೊದಲೇ ಪುಸ್ತಕ ಹೊರಬರಲಿ ಎಂದು ಕೆಲಸವನ್ನು ಐದು ಅಚ್ಚಿನ ಮನೆಗಳಿಗೆ ಹಂಚಿದ. ಕ್ರಿಸ್‌ಮಸ್‌ವರೆಗೆ ಕಾಯಲೂ ಇಲ್ಲ, ಅಕ್ಟೋಬರ್ 28ಕ್ಕೆ ಪುಸ್ತಕ ಹೊರಬಂತು. ಎರಡು ಸಂಪುಟ, ಬೆಲೆ ಎಂಟೂವರೆ ಷಿಲ್ಲಿಂಗ್. ಇಡೀ ಮುದ್ರಣ ಒಂದು ವಾರದಲ್ಲಿ ಖಾಲಿಯಾಯಿತು ಎಂದು ಗೇ ಬರೆಯುತ್ತಾನೆ. ಲೆಕ್ಕ ಹಾಕಿ ನೋಡಿ, ಸಿಂಪ್ಸನ್ ಕೇಳಿದ 200 ಪೌಂಡು ಎಂದರೆ ಸುಮಾರು 470 ಪ್ರತಿಗಳ ಬೆಲೆ. ಮಾಟ್‌ಗೆ ಅದು ಭಾರವಾಗಿರಲಾರದು. ಆ ವರ್ಷವೇ ಅವನು ಮತ್ತೆರಡು ಬಾರಿ ಅಚ್ಚು ಹಾಕಿಸಿದ.

ಆಮೇಲಿನ ಕಾಗದಗಳು ಈ ಇಡೀ ವ್ಯವಹಾರದ ಅತ್ಯಂತ ಸೊಗಸಿನ ಭಾಗ. ಬರೆದವನು ಯಾರೆಂದು ಎಲ್ಲರಿಗೂ ಗೊತ್ತು, ಗೊತ್ತಿಲ್ಲವೆಂಬ ಆಟವನ್ನು ಮಾತ್ರ ಯಾರೂ ಬಿಡುವುದಿಲ್ಲ. ಗಲಿವರನೆಂಬವನ ಪ್ರವಾಸದ ಪುಸ್ತಕವೊಂದು ಬಂದಿದೆ, ಊರೆಲ್ಲ ಅದೇ ಮಾತು ಎಂದು ಗೇ ಲೇಖಕನಿಗೇ ಸುದ್ದಿ ಕೊಡುತ್ತಾನೆ. ಆರ್ಬತ್ನಾಟನ ವರದಿ ಇನ್ನೂ ಚೆಂದ. ಒಬ್ಬ ಹಡಗಿನ ಕಪ್ತಾನ ತನಗೆ ಗಲಿವರ್ ಚೆನ್ನಾಗಿ ಗೊತ್ತು ಅಂದನಂತೆ, ಅವನ ಮನೆ ವಾಪಿಂಗ್‌ನಲ್ಲಿ, ಮುದ್ರಕ ತಪ್ಪಾಗಿ ರಾದರ್‌ಹೈತ್ ಎಂದು ಹಾಕಿದ್ದಾನೆ ಅಂದನಂತೆ. ಇನ್ನೊಬ್ಬ ಮುದುಕ ಪುಸ್ತಕ ಓದಿದವನೇ ಎದ್ದು ಭೂಪಟದಲ್ಲಿ ಆ ಗೇಣುದ್ದದ ಮನುಷ್ಯರ ನಾಡು ಲಿಲಿಪುಟ್ ಹುಡುಕಿದನಂತೆ. ಸ್ವಿಫ್ಟ್ ಡಬ್ಲಿನ್ನಿನಿಂದ ಸಮಕ್ಕೆ ಸಮ ಉತ್ತರ ಕೊಡುತ್ತಾನೆ: ಇಲ್ಲಿನ ಒಬ್ಬ ಬಿಷಪ್, ಆ ಪುಸ್ತಕದ ತುಂಬ ನಂಬಲಾಗದ ಸುಳ್ಳುಗಳು, ತಾನಂತೂ ಹೆಚ್ಚುಕಮ್ಮಿ ಒಂದು ಮಾತನ್ನೂ ನಂಬಿಲ್ಲ ಅಂದರು. ಅರಮನೆಯಲ್ಲಿ ವೇಲ್ಸ್ ರಾಜಕುಮಾರಿಯ ಸಖಿಯಾಗಿದ್ದ ಮಿಸೆಸ್ ಹೊವರ್ಡ್ ಗಲಿವರನ ಲೋಕದ ಭಾಷೆಯಲ್ಲೇ ಸ್ವಿಫ್ಟನಿಗೆ ಕಾಗದ ಬರೆದಳು. ಆಕೆಗೆ ಲೆಮ್ಯುಯೆಲ್ ಗಲಿವರ್ ಎಂಬ ಸಹಿಯಲ್ಲೇ ಉತ್ತರ ಹೋಯಿತು, ಜೊತೆಗೆ ಲಿಲಿಪುಟ್ಟಿನ ರಾಜಕಿರೀಟದ ಕಾಣಿಕೆಯ ಮಾತು ಬೇರೆ.

ನಗುವಿನ ನಡುವೆ ಸ್ವಿಫ್ಟನ ಕೈಗೆ ಅಚ್ಚಾದ ಪುಸ್ತಕ ಬಂತು, ಓದಿದ. ಹಲವು ಕಡೆ ಮಾತು ಬದಲಾಗಿತ್ತು. ಮಾಟ್‌ನ ಪರವಾಗಿ ಆಂಡ್ರೂ ಟುಕ್ ಎಂಬ ಪಾದ್ರಿ ಹಸ್ತಪ್ರತಿಯ ಮೇಲೆ ಕೈಯಾಡಿಸಿದ್ದ. ವಕೀಲರನ್ನು, ಮಂತ್ರಿಗಳನ್ನು ಚುಚ್ಚಿದ ಕಡೆಗಳಲ್ಲಿ ಮೊನೆ ಮುರಿದಿದ್ದ. ಮಂತ್ರಿಗಳ ವಿಚಾರ ಬರುವ ಒಂದೆಡೆ ಸತ್ತ ಆನ್ ರಾಣಿಯ ಗುಣಗಾನವನ್ನು ತಾನೇ ಬರೆದು ಸೇರಿಸಿದ್ದ. ಮಾಟ್‌ನದು ಅಂಜುಬುರುಕತನ ಎಂದು ಸುಲಭವಾಗಿ ಹೇಳಬಹುದು. ಆದರೆ ಹಿಡಿದರೆ ಹಿಡಿಯುವುದು ಅವನನ್ನೇ, ಹಾರ್ಡಿಂಗ್‌ನ ಪಾಡು ಅವನೂ ಕೇಳಿರಬೇಕು. ಸ್ವಿಫ್ಟ್ ಈಗ ಏನು ಮಾಡಬೇಕು? ಪುಸ್ತಕ ಕೆಡಿಸಿದ್ದೀಯ ಎಂದು ಬೈಯಬೇಕಾದರೆ ಅದು ತನ್ನದೆಂದು ಒಪ್ಪಬೇಕು. 1727ರ ಜನವರಿ 3ರಂದು ಮಾಟ್‌ಗೆ ಇನ್ನೊಂದು ಕಾಗದ ಹೋಯಿತು. ಈ ಸಲ ಬರೆದವನು ಚಾರ್ಲ್ಸ್ ಫೋರ್ಡ್. ಪುಸ್ತಕ ಕೊಂಡು ಓದಿದೆ, ಅಚ್ಚಿನ ತಪ್ಪುಗಳು ಹೇರಳವಾಗಿವೆ, ಮುಂದಿನ ಆವೃತ್ತಿಗೆ ಉಪಯೋಗವಾಗಲಿ ಎಂದು ಪಟ್ಟಿ ಕಳಿಸಿದ್ದೇನೆ ಎಂಬ ಸಾದಾ ಓದುಗನ ಧಾಟಿ. ಪಟ್ಟಿಯಲ್ಲಿ ನೂರಕ್ಕೂ ಹೆಚ್ಚು ತಿದ್ದುಪಡಿ. ಯಾವ ಸಾದಾ ಓದುಗ ಲೇಖಕನ ಮೂಲಪಾಠವನ್ನು ಅಷ್ಟು ಖಚಿತವಾಗಿ ಬಲ್ಲ! ಮಾಟ್ ಅದೇ ವರ್ಷದ ಆವೃತ್ತಿಯಲ್ಲಿ ಎಷ್ಟೋ ತಪ್ಪುಗಳನ್ನು ತಿದ್ದಿದ. ತಿದ್ದಲು ಧೈರ್ಯ ಸಾಲದ್ದನ್ನು ಹಾಗೇ ಬಿಟ್ಟ.

ಹಣದ ಕಥೆಯೂ ಅದೇ ವೇಷದಲ್ಲಿ ಮುಗಿಯಿತು. 1727ರ ಏಪ್ರಿಲಿನಲ್ಲಿ ಸಿಂಪ್ಸನ್ ಮತ್ತೆ ಎದ್ದುಬಂದು, ಕಾರ್ಕ್ ಸ್ಟ್ರೀಟಿನ ಎರಾಸ್ಮಸ್ ಲೂಯಿಸ್ ಎಂಬವರನ್ನು ಕಾಣಿ, ಬಂಧು ಗಲಿವರನ ಪುಸ್ತಕದ ವಿಷಯದಲ್ಲಿ ಅವರಿಗೆ ಪೂರ್ತಿ ಅಧಿಕಾರ ಕೊಟ್ಟಿದ್ದೇನೆ ಎಂದು ಮಾಟ್‌ಗೆ ಬರೆದ. ಮೇ 4ರಂದು ಲೂಯಿಸ್ ತನಗೆ ಪೂರ್ಣ ಸಮಾಧಾನವಾಗಿದೆ ಎಂದು ಒಂದು ಸಾಲು ಬರೆದು ಸಹಿ ಹಾಕಿದ. ಎಂಟು ವರ್ಷದ ಮೇಲೆ ಸ್ವಿಫ್ಟ್ ಇನ್ನೊಬ್ಬ ಗೆಳೆಯನಿಗೆ, ನನ್ನ ಬರವಣಿಗೆಯಿಂದ ಬಿಡಿಗಾಸು ಕಂಡವನಲ್ಲ, ಒಂದು ಸಲ ಮಾತ್ರ ಪೋಪನ ಜಾಣತನದಿಂದ ಏನೋ ಸಿಕ್ಕಿತು ಎನ್ನುತ್ತಾನೆ. ಬಡ ನಾವಿಕರ ಸುದ್ದಿ ಅಲ್ಲಿಲ್ಲ.

ಇಷ್ಟಾದರೂ ಮಾಟ್‌ನೊಂದಿಗೆ ಮಾತು ಮುರಿಯಲಿಲ್ಲ. 1727ರ ಡಿಸೆಂಬರಿನಲ್ಲಿ ಪುಸ್ತಕಕ್ಕೆ ಚಿತ್ರ ಹಾಕಿಸುವ ಪ್ರಶ್ನೆ ಬಂದಾಗ ಸ್ವಿಫ್ಟ್ ಉದ್ದಕ್ಕೆ ಸಲಹೆ ಬರೆಯುತ್ತಾನೆ. ಪುಟಾಣಿ ಜನರ ಭಾಗ ಚಿತ್ರಕ್ಕೆ ಒಗ್ಗುತ್ತದೆ, ದೈತ್ಯರ ಭಾಗ ಅಷ್ಟು ಒಗ್ಗುವುದಿಲ್ಲ ಎಂಬುದು ಅವನ ಮತ. ಮೂರು ಶತಮಾನದ ಚಿತ್ರಕಾರರನ್ನು ನೋಡಿದರೆ ಅವನ ಅಂದಾಜು ತಪ್ಪಲಿಲ್ಲ.

ಮಾಟ್‌ನ ಪುಸ್ತಕ ಕೆಟ್ಟಿತು ಎಂಬ ಕೊರಗು ಮಾತ್ರ ಉಳಿಯಿತು. 1730ರ ದಶಕದಲ್ಲಿ ಜಾರ್ಜ್ ಫಾಕ್ನರ್ ಎಂಬ ಡಬ್ಲಿನ್ ಮುದ್ರಕ ಸ್ವಿಫ್ಟನ ಸಮಗ್ರ ಕೃತಿಗಳನ್ನು ತರಲು ಹೊರಟ. ಹೊರಗೆ ಸ್ವಿಫ್ಟ್, ಇದು ನನ್ನ ಇಷ್ಟಕ್ಕೆ ವಿರುದ್ಧ, ತಡೆಯಲಾರೆ ಎಂದು ಇಂಗ್ಲೆಂಡಿನ ಗೆಳೆಯರಿಗೆ ಬರೆದ. ಒಳಗೆ ಫೋರ್ಡ್‌ಗೆ ಬರೆದು, ನಿನ್ನ ಬಳಿ ತಿದ್ದಿಟ್ಟ ಗಲಿವರ್ ಇದೆಯಲ್ಲ, ಅದು ಬೇಕು ಎಂದ. ಫೋರ್ಡ್ ತನ್ನ ಪ್ರತಿಯ ಹಾಳೆಗಳ ನಡುವೆ ಖಾಲಿ ಹಾಳೆ ಸೇರಿಸಿ ಹೊಲಿಸಿ, ಮೂಲಪಾಠವನ್ನು ಅಲ್ಲಿ ಬರೆದಿಟ್ಟುಕೊಂಡಿದ್ದ. ಸ್ವಿಫ್ಟ್ ಕರಡು ತಿದ್ದಿದ ರೀತಿಯನ್ನು ಫಾಕ್ನರ್ ಮುಂದೆ ಬರೆದಿದ್ದಾನೆ. ಅಚ್ಚಿನ ಹಾಳೆಗಳನ್ನು ತನ್ನೆದುರು ಗಟ್ಟಿಯಾಗಿ ಓದಿಸಿ, ಮನೆಯ ಇಬ್ಬರು ಆಳುಗಳನ್ನು ಕರೆಸಿ ಕೇಳಿಸುತ್ತಿದ್ದನಂತೆ. ಅವರಿಗೆ ಅರ್ಥವಾಗದ ವಾಕ್ಯವನ್ನು ಅರ್ಥವಾಗುವವರೆಗೆ ತಿದ್ದುತ್ತಿದ್ದನಂತೆ. ಹೆಸರು ಬೇಡದ ಲೇಖಕ ಮಾತಿಗಾಗಿ ಪಟ್ಟ ಪಾಡು ಇದು.

1735ರಲ್ಲಿ ನಾಲ್ಕು ಸಂಪುಟ ಹೊರಬಂದವು. ಮೂರನೆಯ ಸಂಪುಟ ಗಲಿವರ್. ಅದರ ಮೊದಲಿಗೆ ಒಂದು ಹೊಸ ಕಾಗದ ಸೇರಿತ್ತು: ಕಪ್ತಾನ ಗಲಿವರ್ ತನ್ನ ಬಂಧು ಸಿಂಪ್ಸನ್‌ಗೆ ಬರೆದದ್ದು, ತಾರೀಕು 1727ರ ಏಪ್ರಿಲ್ 2. ನಿನ್ನ ಒತ್ತಾಯಕ್ಕೆ ಪುಸ್ತಕ ಕೊಟ್ಟೆ, ನಿನ್ನ ಮುದ್ರಕ ಕಂಡ ಕಂಡ ಹಾಗೆ ಬಿಟ್ಟಿದ್ದಾನೆ, ನಾನು ಬರೆಯದ ಮಾತು ಸೇರಿಸಿದ್ದಾನೆ, ಆನ್ ರಾಣಿಯ ಬಗ್ಗೆ ನಾನು ಬರೆದೇ ಇಲ್ಲ, ತಾರೀಕುಗಳನ್ನು ಕಲಸಿದ್ದಾನೆ ಎಂದು ಗಲಿವರ್ ಗೊಣಗುತ್ತಾನೆ. 1726ರಲ್ಲಿ ಒಬ್ಬ ನಿಜವಾದ ವ್ಯಾಪಾರಿಗೆ ಬರೆದ ನಿಜವಾದ ಕಾಗದದಲ್ಲಿ ಸುಳ್ಳು ಮನುಷ್ಯನ ಸಹಿ ಇತ್ತು. 1735ರಲ್ಲಿ ಆ ಸುಳ್ಳು ಮನುಷ್ಯನಿಗೇ ಇನ್ನೊಬ್ಬ ಸುಳ್ಳು ಮನುಷ್ಯ ಬರೆದ ಕಾಗದದಲ್ಲಿ ಲೇಖಕನ ನಿಜವಾದ ದೂರು ಅಷ್ಟೂ ಬಂತು. ಎಂಟು ವರ್ಷ ಬಾಯಿಬಿಟ್ಟು ಹೇಳಲಾರದ್ದನ್ನು ತನ್ನ ಪಾತ್ರದ ಬಾಯಲ್ಲಿ ಹೇಳಿಸಿದ. ಪ್ರಕಾಶಕನ ಮೇಲೆ ಇಷ್ಟು ಚೆನ್ನಾಗಿ ಸೇಡು ತೀರಿಸಿಕೊಂಡ ಲೇಖಕ ನನಗೆ ಬೇರೆ ಗೊತ್ತಿಲ್ಲ.

ಫಾಕ್ನರನ ಪುಸ್ತಕ ಇಂಗ್ಲೆಂಡಿಗೆ ಬಂದಾಗ ಮಾಟ್ ಕೋರ್ಟಿಗೆ ಹೋದ. 1710ರ ಕಾಯಿದೆ ಮುದ್ರಣದ ಹಕ್ಕನ್ನು ಕಾಲಮಿತಿಯೊಂದಿಗೆ ರಕ್ಷಿಸುತ್ತಿತ್ತು, ಆದರೆ ಅದು ಐರ್ಲೆಂಡಿಗೆ ಅನ್ವಯವಾಗುತ್ತಿರಲಿಲ್ಲ. ಡಬ್ಲಿನ್ನಿನಲ್ಲಿ ಯಾರು ಏನನ್ನಾದರೂ ಅಚ್ಚು ಹಾಕಬಹುದಿತ್ತು, ಅದನ್ನು ಇಂಗ್ಲೆಂಡಿನಲ್ಲಿ ಮಾರುವ ಹಾಗಿರಲಿಲ್ಲ. ಮಾಟ್‌ಗೆ ತಡೆಯಾಜ್ಞೆ ಸಿಕ್ಕಿತು. 1736ರ ಮೇ ತಿಂಗಳಲ್ಲಿ ಸ್ವಿಫ್ಟ್ ಅವನಿಗೆ ಬರೆದ ಕಾಗದದಲ್ಲಿ ಡ್ರೇಪಿಯರ್ ಮತ್ತೆ ಮಾತಾಡುತ್ತಾನೆ. ಇಂಗ್ಲೆಂಡ್ ನಮ್ಮ ಉಣ್ಣೆ ವ್ಯಾಪಾರ ಕಟ್ಟಿಹಾಕಿದ್ದು ಸಾಲದೆ ಈಗ ಪುಸ್ತಕಕ್ಕೂ ಬೇಲಿ ಹಾಕುತ್ತಿದೆ, ನಾನು ಇಲ್ಲಿ ಪುಸ್ತಕ ವ್ಯಾಪಾರಿಯಾಗಿದ್ದರೆ ಲಂಡನ್ನಿನ ಪುಸ್ತಕಗಳನ್ನು ಅಚ್ಚು ಹಾಕಿ ಇಂಗ್ಲೆಂಡಿನ ಯಾವ ಊರಿಗಾದರೂ ಕದ್ದು ಸಾಗಿಸುತ್ತಿದ್ದೆ ಎಂಬುದು ಅದರ ತಾತ್ಪರ್ಯ. ತನ್ನ ಪ್ರಕಾಶಕನಿಗೇ ಕಳ್ಳಸಾಗಣೆಯ ಸಮರ್ಥನೆ ಬರೆದು ಕಳಿಸಿದ ಈ ಡೀನ್‌ಗೆ ಆಗ 68 ವರ್ಷ.

ಕೊನೆಗೆ ಕಾಗದಗಳೇ ಮಾರಾಟದ ಸರಕಾದವು. ತನ್ನ ಪತ್ರಗಳನ್ನು ತಾನೇ ಅಚ್ಚು ಹಾಕಿಸಿಕೊಂಡ ಎಂಬ ಮಾತು ಬರಬಾರದೆಂದು ಪೋಪ್ ಹೂಡಿದ ಆಟಗಳು ಒಂದು ಪತ್ತೇದಾರಿ ಕಾದಂಬರಿಗಾಗುವಷ್ಟಿವೆ. ಸ್ವಿಫ್ಟನ ಬಳಿಯಿದ್ದ ತನ್ನ ಕಾಗದಗಳನ್ನು ಲಾರ್ಡ್ ಆರರಿ ಎಂಬವನ ಮೂಲಕ 1737ರಲ್ಲಿ ವಾಪಸು ತರಿಸಿಕೊಂಡ. ಗುಟ್ಟಾಗಿ ಅಚ್ಚು ಹಾಕಿಸಿದ. ಒಂದು ಪ್ರತಿಯನ್ನು ಅನಾಮಧೇಯವಾಗಿ ಡಬ್ಲಿನ್ನಿಗೆ ಕಳಿಸಿದ. ಜ್ಞಾಪಕ ಸೋಲುತ್ತಿದ್ದ ಸ್ವಿಫ್ಟ್ ಅದನ್ನು ಫಾಕ್ನರನಿಗೆ ಅಚ್ಚಿಗೆ ಕೊಟ್ಟ. ಪೋಪ್ ಆಗ, ಮುದುಕ ಸ್ನೇಹಿತ ಹೀಗೆ ಮಾಡಿಬಿಟ್ಟನಲ್ಲ ಎಂದು ನೊಂದವನ ಹಾಗೆ ನಟಿಸಿ 1741ರಲ್ಲಿ ತಾನೂ ಪ್ರಕಟಿಸಿದ. ನಿಜ ಹೊರಬೀಳಲು ನೂರು ವರ್ಷವೇ ಬೇಕಾಯಿತು. ಗೆಳೆಯನ ಮರೆವನ್ನು ಹೀಗೆ ಬಳಸಿಕೊಂಡದ್ದನ್ನು ಕವಿಯ ಚೇಷ್ಟೆ ಎಂದು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. 1740ರ ಜುಲೈನಲ್ಲಿ ಸ್ವಿಫ್ಟ್ ತನ್ನನ್ನು ನೋಡಿಕೊಳ್ಳುತ್ತಿದ್ದ ಬಂಧು ಮಿಸೆಸ್ ವೈಟ್‌ವೇಗೆ ಬರೆದ ಚೀಟಿಯಲ್ಲಿ ರಾತ್ರಿಯೆಲ್ಲ ನರಳಿದೆ, ಕಿವಿ ಕೇಳಿಸದು, ತಲೆ ಮಂಕಾಗಿದೆ ಎನ್ನುತ್ತಾನೆ. ಕೊನೆಗೆ, ತಪ್ಪಿಲ್ಲದಿದ್ದರೆ ಇವತ್ತು ಶನಿವಾರ ಎಂದು ಸೇರಿಸುತ್ತಾನೆ. 1742ರಲ್ಲಿ ಅವನ ಬುದ್ಧಿ ಸ್ವಾಧೀನದಲ್ಲಿಲ್ಲವೆಂದು ಅಧಿಕೃತವಾಗಿ ತೀರ್ಮಾನವಾಯಿತು. 1745ರ ಅಕ್ಟೋಬರ್ 19ರಂದು ಸತ್ತ.

ಪೋಪ್ ಪ್ರಕಟಿಸಿದ ಪತ್ರಗಳನ್ನು ಕೂಡಲೇ ಕದ್ದು ಅಚ್ಚು ಹಾಕಿದವನು ಬೇರೆ ಯಾರು, ಎಡ್ಮಂಡ್ ಕರ್ಲ್. ಪೋಪ್ ದಾವೆ ಹೂಡಿದ. 1741ರ ಜೂನಿನಲ್ಲಿ ಲಾರ್ಡ್ ಚಾನ್ಸಲರ್ ಹಾರ್ಡ್‌ವಿಕ್ ಕೊಟ್ಟ ತೀರ್ಪನ್ನು ಹಕ್ಕುಸ್ವಾಮ್ಯದ ವಕೀಲರು ಇಂದಿಗೂ ಎತ್ತಿ ಹೇಳುತ್ತಾರೆ. ಕಾಗದ ಪಡೆದವನಿಗೆ ಹಾಳೆ ಸ್ವಂತ, ಅಚ್ಚು ಹಾಕುವ ಅಧಿಕಾರ ಅದರಿಂದ ಬರುವುದಿಲ್ಲ, ಅದು ಬರೆದವನದು. ಆದ್ದರಿಂದ ಪೋಪ್ ಬರೆದ ಕಾಗದಗಳಿಗೆ ತಡೆ ಸಿಕ್ಕಿತು. ಪೋಪನಿಗೆ ಸ್ವಿಫ್ಟ್ ಬರೆದ ಕಾಗದಗಳಿಗೆ ಸಿಗಲಿಲ್ಲ, ಅವುಗಳ ಒಡೆಯ ಸ್ವಿಫ್ಟ್, ಅವನು ಕೋರ್ಟಿಗೆ ಬಂದಿರಲಿಲ್ಲ. ಮೂವತ್ತು ವರ್ಷ ಬೈಸಿಕೊಂಡ ಕರ್ಲ್ ಕೊನೆಗೂ ಸ್ವಿಫ್ಟನ ಮಾತನ್ನು ಕಾನೂನಿನ ಅಡ್ಡಿಯಿಲ್ಲದೆ ಮಾರಿದ.

ಇನ್ನು ಫೋರ್ಡ್‌ನ ಆ ಹೊಲಿಸಿದ ಪ್ರತಿ. ಅದು ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನ ಫಾರ್‌ಸ್ಟರ್ ಸಂಗ್ರಹದಲ್ಲಿದೆ. ಅದರಲ್ಲಿ ಮಾಟ್ ಅಚ್ಚು ಹಾಕದ, ಫಾಕ್ನರನೂ ಧೈರ್ಯ ಮಾಡದ ಒಂದು ಪ್ರಸಂಗ ಕೈಬರಹದಲ್ಲಿ ಉಳಿದಿತ್ತು. ಹಾರುವ ದ್ವೀಪದ ರಾಜ ಕೆಳಗಿನ ಊರುಗಳ ಮೇಲೆ ದ್ವೀಪವನ್ನು ನಿಲ್ಲಿಸಿ ಬಿಸಿಲು ಮಳೆ ತಡೆದು ಹೆದರಿಸುತ್ತಾನಷ್ಟೆ. ಲಿಂಡಲಿನೊ ಎಂಬ ಪಟ್ಟಣದವರು ನಾಲ್ಕು ಗೋಪುರ ಕಟ್ಟಿ, ತುದಿಯಲ್ಲಿ ಅಯಸ್ಕಾಂತ ಶಿಲೆ ಇಟ್ಟು, ಉರುವಲು ಪೇರಿಸಿಟ್ಟುಕೊಂಡು, ಇಳಿದರೆ ಇಳಿ ನೋಡೋಣ ಎಂದು ಕೂರುತ್ತಾರೆ. ರಾಜ ಬಗ್ಗಬೇಕಾಗುತ್ತದೆ. ಲಿಂಡಲಿನೊ ಎಂದರೆ ಡಬ್ಲಿನ್, ಜಗಳ ವುಡ್‌ನ ತಾಮ್ರದ ಕಾಸಿನದು. ಈ ಐದು ಪ್ಯಾರಾ ಮೊದಲ ಬಾರಿ ಪುಸ್ತಕದೊಳಗೆ ಅಚ್ಚಾದದ್ದು 1899ರಲ್ಲಿ. ಅಷ್ಟರಲ್ಲಿ ಗಲಿವರ್ ಜಗತ್ತಿನ ತುಂಬ ಓಡಾಡಿ ಆಗಿತ್ತು. ನಿಮ್ಮ ಮನೆಯಲ್ಲಿ ಇಂಗ್ಲಿಷ್ ಪ್ರತಿ ಇದ್ದರೆ ಮೂರನೆಯ ಭಾಗದ ಮೂರನೆಯ ಅಧ್ಯಾಯ ತೆಗೆದು ನೋಡಿ. ಲಿಂಡಲಿನೊ ಅಲ್ಲಿ ಇಲ್ಲದಿದ್ದರೆ ನಿಮ್ಮದು ಇನ್ನೂ ಹಳೆಯ ಪಾಠವೇ.